ಮಷಿನ್ ಬರಲಿ, ಗಂಟೆಯ ಲೆಕ್ಕ ನಮ್ಮ ಕೈಯಲ್ಲೂ ಇರಲಿ

(ಕಲಬುರಗಿಯಲ್ಲಿ ಒಂದು ಭಾನುವಾರ ಅಂಚೆ ನೌಕರರು ಮತ್ತು ಹಳ್ಳಿಯ ಅಂಚೆ ಕೆಲಸ ಮಾಡುವ ಗ್ರಾಮೀಣ ಡಾಕ್ ಸೇವಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬಂದಿದ್ದ ಕೆಲವರು ಬರೆದು ಕೊಡಿ ಅಂದರು. ಮಾತಿನ ಓಟವನ್ನು ಹಾಗೇ ಇಟ್ಟು ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಳಂದ, ಸೇಡಂ, ಚಿಂಚೋಳಿ, ಜೇವರ್ಗಿ, ಅಫಜಲಪುರ ಕಡೆಯಿಂದ ಬೆಳಗ್ಗೆ ಬಸ್ ಹಿಡಿದು ಬಂದಿದ್ದೀರಿ. ವಾರಕ್ಕೆ ಸಿಗುವ ಒಂದೇ ರಜೆ ಇದು. ಮನೆಯ ಕೆಲಸ ಬಿಟ್ಟು ಬಂದ ಹೆಣ್ಣುಮಕ್ಕಳೂ ಇದ್ದಾರೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋದ ತಿಂಗಳು ಆಳಂದ ತಾಲ್ಲೂಕಿನ ಒಂದು ಊರಿಗೆ ಹೋಗಿದ್ದೆ. ಅಲ್ಲಿನ ಬಿಪಿಎಂ, ಅಂದರೆ ಶಾಖಾ ಪೋಸ್ಟ್‌ಮಾಸ್ಟರ್, ಒಬ್ಬ ಹೆಣ್ಣುಮಗಳು. ಮನೆಯ ಮುಂದಿನ ಕೋಣೆಯೇ ಶಾಖಾ ಅಂಚೆ ಕಚೇರಿ. ನಾನು ಹೋದಾಗ ಕೋಣೆಯಲ್ಲಿ ಇರಲಿಲ್ಲ, ಮಾಳಿಗೆ ಮೇಲೆ ನಿಂತಿದ್ದರು. ಒಂದು ಕೈಯಲ್ಲಿ ಡಿವೈಸ್, ಇನ್ನೊಂದು ಕೈ ಬಿಸಿಲಿಗೆ ಅಡ್ಡ. "ಇಲ್ಲಿ ಒಂದ್ ಕಡ್ಡಿ ಬರ್ತದ ಸರ, ಕೆಳಗ ನೆಟ್ ಬರಲ್ಲಾಗ್ಯಾದ" ಅಂದರು. ಕೆಳಗೆ ಕಟ್ಟೆ ಮೇಲೆ ಒಬ್ಬ ಆಯಿ ಕೂತಿದ್ದಳು. "ತಂಗಿ, ನನ್ನ ಪಗಾರ ಬಂದದೇನು?" ಅಂತ ಕೇಳುತ್ತಿದ್ದಳು. ಪಗಾರ ಅಂದರೆ ವೃದ್ಧಾಪ್ಯ ವೇತನ. ನೆಟ್ ಬಂತು. ಆದರೆ ಆಯಿಯ ಬೆರಳನ್ನು ಮಷಿನ್ ಗುರುತು ಹಿಡಿಯಲಿಲ್ಲ. ಹತ್ತಿ ಬಿಡಿಸಿ, ತೊಗರಿ ಕೊಯ್ದು ಆ ಬೆರಳಿನ ಗೆರೆಗಳು ಸವೆದು ಹೋಗಿವೆ. ಬೆರಳು ತೊಳೆಸಿದರು, ಒರೆಸಿದರು, ಬಲಗೈ ಆಯಿತು, ಎಡಗೈ ಆಯಿತು. ಮತ್ತೆ ನೆಟ್ ಹೋಯಿತು. ಮತ್ತೆ ಮಾಳಿಗೆ. ಕೊನೆಗೆ ದುಡ್ಡು ಆಯಿಯ ಕೈಗೆ ಬಂದಾಗ ಮುಕ್ಕಾಲು ಗಂಟೆ ಕಳೆದಿತ್ತು.

ನಾನು ಆಮೇಲೆ ಅವರನ್ನು ಕೇಳಿದೆ. ಈ ಮುಕ್ಕಾಲು ಗಂಟೆ ಎಲ್ಲಿ ಬರೆದಿರಿ? ಅವರಿಗೆ ನನ್ನ ಪ್ರಶ್ನೆಯೇ ಅರ್ಥ ಆಗಲಿಲ್ಲ. ಬರೆಯೋದು ಏನು ಸರ, ಒಂದು ವಹಿವಾಟು ಅಂತ ಸಿಸ್ಟಮ್‌ನಲ್ಲಿ ಬಂದಿರುತ್ತದೆ ಅಂದರು. ಹೌದು, ಒಂದು ವಹಿವಾಟು ಅಷ್ಟೇ. ನಾಳೆ ಆ ಶಾಖೆಯಲ್ಲಿ ಕೆಲಸ ಎಷ್ಟಿದೆ ಅಂತ ಮೇಲೆ ಯಾರೋ ಕೂತು ನೋಡಿದರೆ ಕಾಣುವುದು ಆ ಒಂದೇ ಅಂಕೆ. ಮಾಳಿಗೆ ಕಾಣುವುದಿಲ್ಲ, ಬೆರಳು ಕಾಣುವುದಿಲ್ಲ. ಇವತ್ತು ನಾನು ಮಾತಾಡಲು ಬಂದಿರುವುದು ಆ ಮುಕ್ಕಾಲು ಗಂಟೆಯ ಬಗ್ಗೆ.

ಆಧುನೀಕರಣ ಬೇಡ ಅಂತ ಹೇಳಲು ನಾನು ಬಂದಿಲ್ಲ. ಎಂಬತ್ತರ ದಶಕದಲ್ಲಿ ಗುಮಾಸ್ತನಾಗಿ ಸೇರಿದವನು ನಾನು. ಆಗಿನ ಕೆಲಸ ಹೇಗಿತ್ತು ಅಂತ ಹೊಸಬರಿಗೆ ಗೊತ್ತಿಲ್ಲ. ಉಳಿತಾಯ ಖಾತೆಗೆ ಒಂದೊಂದು ಲೆಡ್ಜರ್, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ವರ್ಷಕ್ಕೊಮ್ಮೆ ಬಡ್ಡಿ ಹಾಕುವ ಕಾಲ ಬಂದರೆ ರಾತ್ರಿ ತನಕ ಕೂತು ಕೈಯಲ್ಲೇ ಲೆಕ್ಕ ಹಾಕಬೇಕು. ಒಂದು ರೂಪಾಯಿ ತಾಳೆ ಆಗದಿದ್ದರೆ ಮನೆಗೆ ಹೋಗುವ ಹಾಗಿಲ್ಲ. ಬ್ಯಾಗು ಕಟ್ಟಬೇಕು, ಅರಗು ಕರಗಿಸಿ ಸೀಲು ಒತ್ತಬೇಕು. ಆ ಹೊಗೆ ಇವತ್ತಿಗೂ ನನ್ನ ಎದೆಯಲ್ಲಿದೆ. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಪುಣೆಗೆ ದುಡಿಯಲು ಹೋದ ಹುಡುಗ ಅಲ್ಲೇ ದುಡ್ಡು ಕಟ್ಟಿದರೆ ಇಲ್ಲಿ ತಾಯಿಯ ಪಾಸ್‌ಬುಕ್‌ನಲ್ಲಿ ಕಾಣುತ್ತದೆ. ಅದು ಒಳ್ಳೆಯದೇ ಅಲ್ವಾ? ಅದನ್ನು ಬೇಡ ಅನ್ನುವ ಸಂಘ ಜನರ ಎದುರು ತಲೆ ಎತ್ತಿ ನಿಲ್ಲಲಾರದು.

ಅಂಚೆ ಅನ್ನುವುದು ಯಾವ ಕಾಲದಲ್ಲೂ ಒಂದೇ ರೀತಿ ಇರಲಿಲ್ಲ. ನಮ್ಮ ಭಾಗಕ್ಕಂತೂ ಇದು ಚೆನ್ನಾಗಿ ಗೊತ್ತು. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಅವರದೇ ಅಂಚೆ ಇತ್ತು. 1869ರಿಂದ ಅವರದೇ ಸ್ಟ್ಯಾಂಪು ಇತ್ತು. ಅದು ಭಾರತದ ಅಂಚೆಗೆ ಸೇರಿದ್ದು 1950ರಲ್ಲಿ. ಹಳಬರು ಇವತ್ತಿಗೂ ಟಪಾಲ್ ಅಂತಲೇ ಕರೆಯುತ್ತಾರೆ. 1972ರ ಆಗಸ್ಟ್ 15ಕ್ಕೆ ಪಿನ್ ಕೋಡ್ ಬಂತು, ನಮ್ಮ ಊರು 585101 ಆಯಿತು. 1985ರಲ್ಲಿ ದೂರಸಂಪರ್ಕ ಬೇರೆ ಆಯಿತು. 2013ರ ಜುಲೈನಲ್ಲಿ ತಂತಿ ನಿಂತಿತು. ಸಾವಿನ ಸುದ್ದಿಯನ್ನೂ ಕೆಲಸ ಸಿಕ್ಕ ಸುದ್ದಿಯನ್ನೂ ತಂದು ಕೊಡುತ್ತಿದ್ದ ತಂತಿ ಅದು. ನಿಂತಾಗ ನನಗೆ ಬೇಜಾರಾಯಿತು ನಿಜ. ಆದರೆ ಕೈಯಲ್ಲಿ ಮೊಬೈಲ್ ಇರುವ ಜನರಿಗೆ ತಂತಿ ಉಳಿಸಿಕೊಳ್ಳಿ ಅಂತ ಹೇಳುವುದು ಹೇಗೆ?

ಬದಲಾವಣೆಯ ಜೊತೆ ಬರುವ ಲೆಕ್ಕ ಇದೆಯಲ್ಲ, ನನ್ನ ತಕರಾರು ಅದರ ಮೇಲೆ.

ಹಳೆಯ ನೌಕರರಿಗೆ ಬೇವೂರ್ ಟೈಮ್ ಟೆಸ್ಟ್, ಮರಾಠೆ ಟೈಮ್ ಟೆಸ್ಟ್ ಅನ್ನುವ ಮಾತು ನೆನಪಿರಬಹುದು. ಒಂದು ರಿಜಿಸ್ಟರ್ಡ್ ಪತ್ರ ಬುಕ್ ಮಾಡಲು ಎಷ್ಟು ನಿಮಿಷ, ಒಂದು ಮನಿ ಆರ್ಡರ್ ಬರೆಯಲು ಎಷ್ಟು, ಒಂದು ಬ್ಯಾಗು ಬಿಚ್ಚಲು ಎಷ್ಟು ಅಂತ ಅಳೆಯುವುದು. ದಿನದ ಕೆಲಸವನ್ನೆಲ್ಲ ನಿಮಿಷಕ್ಕೆ ತಂದು ಕೂಡಿಸುವುದು. ಆಮೇಲೆ ಆ ಕಚೇರಿಗೆ ಎಷ್ಟು ಜನ ಬೇಕು ಅಂತ ತೀರ್ಮಾನ ಮಾಡುವುದು. ಬೇವೂರ್ ಅಂದರೆ ಸರ್ ಗುರುನಾಥ ವೆಂಕಟೇಶ ಬೇವೂರ, ಐಸಿಎಸ್ ಅಧಿಕಾರಿ. ಬ್ರಿಟಿಷರ ಕಾಲದಲ್ಲೇ ಅಂಚೆ ಮತ್ತು ತಂತಿ ಇಲಾಖೆಯ ಡೈರೆಕ್ಟರ್ ಜನರಲ್ ಆದವರು. ಬೇವೂರ ಬಾಗಲಕೋಟೆ ಕಡೆಯ ಊರಿನ ಹೆಸರು. ಅವರ ಮಗ ಜನರಲ್ ಗೋಪಾಲ ಗುರುನಾಥ ಬೇವೂರ ಮುಂದೆ ಭೂಸೇನೆಯ ಮುಖ್ಯಸ್ಥರಾದರು.

ಈ ಟೈಮ್ ಟೆಸ್ಟ್ ಅಂದರೆ ನೌಕರರಿಗೆ ಆಗ ಭಯ. ಪರಿಶೀಲನೆಗೆ ಯಾರಾದರೂ ಬಂದರೆ ಹುದ್ದೆ ಹೋಯಿತು ಅಂತಲೇ ಅರ್ಥ. ಆದರೆ ಅದರಲ್ಲಿ ಒಂದು ಗುಣ ಇತ್ತು. ಅಳತೆ ಕಣ್ಣಿಗೆ ಕಾಣುತ್ತಿತ್ತು. ಇಷ್ಟು ಪತ್ರ, ಇಷ್ಟು ನಿಮಿಷ ಅಂತ ಕಾಗದದಲ್ಲಿ ಇರುತ್ತಿತ್ತು. ನಮ್ಮ ಹಿರಿಯರು ಅದನ್ನು ಹಿಡಿದು ವಾದ ಮಾಡುತ್ತಿದ್ದರು. ಒಬ್ಬ ಶಾಖಾ ಕಾರ್ಯದರ್ಶಿ ಇದ್ದರು, ನನಗೆ ಸಂಘದ ಕೆಲಸ ಕಲಿಸಿದವರು. ಅವರು ಸಭೆಗೆ ಘೋಷಣೆ ಬರೆದುಕೊಂಡು ಹೋಗುತ್ತಿರಲಿಲ್ಲ. ಮೂರು ತಿಂಗಳ ಅಂಕೆ ಬರೆದುಕೊಂಡು ಹೋಗುತ್ತಿದ್ದರು. ಎದುರಿಗೆ ಕೂತ ಅಧಿಕಾರಿ ಇಪ್ಪತ್ತು ಅಂದರೆ ಇವರು ಇಪ್ಪತ್ತೆಂಟು ಅನ್ನುತ್ತಿದ್ದರು, ಪುಟ ತೆರೆದು ತೋರಿಸುತ್ತಿದ್ದರು. ಮಾತು ಅಲ್ಲಿಂದ ಶುರುವಾಗುತ್ತಿತ್ತು. ಒಂದಕ್ಕಿಂತ ಜಾಸ್ತಿ ಸಲ ಹುದ್ದೆ ಉಳಿದದ್ದನ್ನು ನಾನು ನೋಡಿದ್ದೇನೆ.

ಈಗ ಅಳತೆ ಸಿಸ್ಟಮ್ ಒಳಗೆ ಹೋಗಿದೆ. ಎಷ್ಟು ಆರ್ಟಿಕಲ್ ಸ್ಕ್ಯಾನ್ ಆಯಿತು, ಎಷ್ಟಕ್ಕೆ ಓಟಿಪಿ ಬಂತು ಅಂತ ಅದೇ ಎಣಿಸುತ್ತದೆ. ನಾವು ಎಣಿಸುವುದನ್ನು ಬಿಟ್ಟೆವು. ನನ್ನ ಪ್ರಕಾರ ಇಪ್ಪತ್ತು ವರ್ಷದಲ್ಲಿ ನಾವು ಮಾಡಿದ ದೊಡ್ಡ ತಪ್ಪು ಇದೇ.

2001ನೇ ಇಸವಿಗೆ ಹೋಗೋಣ. ಆ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎಲ್ಲ ಇಲಾಖೆಗಳಿಗೂ ಒಂದು ಆದೇಶ ಕಳಿಸಿತು. ನೇರ ನೇಮಕಾತಿಯ ಹುದ್ದೆ ಮೂರು ಖಾಲಿಯಾದರೆ ಒಂದನ್ನು ಮಾತ್ರ ತುಂಬಿ ಅಂತ. ಒಟ್ಟು ಮಂಜೂರಾದ ಹುದ್ದೆಯ ಶೇಕಡಾ 1 ದಾಟುವಂತಿಲ್ಲ ಅಂತ. ಅವರ ಲೆಕ್ಕ ಸರಳ. ವರ್ಷಕ್ಕೆ ಶೇಕಡಾ 3 ಜನ ನಿವೃತ್ತಿ ಆಗುತ್ತಾರೆ, 1 ತುಂಬಿದರೆ 2 ತಾನಾಗಿಯೇ ಕಡಿಮೆ ಆಗುತ್ತದೆ. ಯಾರನ್ನೂ ಕೆಲಸದಿಂದ ತೆಗೆಯಬೇಕಾಗಿಲ್ಲ. ಯಾರೂ ಅಳುವುದಿಲ್ಲ. ಈ ಪದ್ಧತಿ 2009ರ ತನಕ ನಡೆಯಿತು. ಒಂದು ವಿಷಯ ಗಮನಿಸಿ. ದರ್ಪಣ್ ಅನ್ನುವ ಯೋಜನೆಯಲ್ಲಿ ಹಳ್ಳಿ ಶಾಖೆಗಳಿಗೆ ಡಿವೈಸ್ ಬಂದದ್ದು 2017ರ ಕೊನೆಯಿಂದ ಈಚೆಗೆ. ಹುದ್ದೆ ಕತ್ತರಿಸುವ ಕೆಲಸ ಅದಕ್ಕೂ ಎಷ್ಟೋ ಮೊದಲೇ ನಡೆದಿತ್ತು. ಮಷಿನ್ ಬಂತು, ಅದಕ್ಕೇ ಜನ ಕಡಿಮೆ ಆದರು ಅನ್ನುವುದು ಅರ್ಧ ನಿಜ. ಜನ ಮೊದಲೇ ಕಡಿಮೆ ಆಗಿದ್ದರು. ಮಷಿನ್ ಬಂದ ಮೇಲೆ ಅದಕ್ಕೊಂದು ಕಾರಣ ಸಿಕ್ಕಿತು.

ಖಾಲಿಯಾದ ಕುರ್ಚಿಯ ಕೆಲಸ ಎಲ್ಲಿಗೆ ಹೋಯಿತು? ಪಕ್ಕದ ಕುರ್ಚಿಗೆ ಹೋಯಿತು. ಎರಡು ಬೀಟ್, ಅಂದರೆ ಪತ್ರ ಹಂಚುವ ಎರಡು ಸುತ್ತು, ಸೇರಿ ಒಂದಾಯಿತು. ಇನ್ನು ಉಳಿದದ್ದು ಔಟ್‌ಸೈಡರ್ ಕೈಗೆ ಹೋಯಿತು. ಈ ಪದ ಕೇಳಿದರೆ ನನಗೆ ಈಗಲೂ ನಾಚಿಕೆ ಆಗುತ್ತದೆ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಒಬ್ಬ ಹುಡುಗ ಏಳು ವರ್ಷ ದಿನಗೂಲಿ ಮೇಲೆ ಪತ್ರ ಹಂಚಿದ. ಓಣಿಯ ಜನಕ್ಕೆ ಅವನೇ ಪೋಸ್ಟ್‌ಮನ್. ಕಚೇರಿಯ ಕಾಗದದಲ್ಲಿ ಅವನು ಹೊರಗಿನವ. ಬಿಸಿಲಿಗೆ ತಲೆ ಸುತ್ತಿ ಬಿದ್ದು ಕೈ ಮುರಿದುಕೊಂಡಾಗ ರಜೆಯೂ ಇಲ್ಲ, ಔಷಧಿಯ ದುಡ್ಡೂ ಇಲ್ಲ. ನಾವು ನಾಲ್ಕು ಜನ ಚಂದಾ ಎತ್ತಿ ಕೊಟ್ಟೆವು. ಸಂಘದ ಸಭೆಯಲ್ಲಿ ಅವನ ವಿಷಯ ನಾನೂ ಎತ್ತಲಿಲ್ಲ. ಅವನು ಸದಸ್ಯ ಅಲ್ಲ ಅಂತ ಸುಮ್ಮನಿದ್ದೆವು. ಈ ಮಾತನ್ನು ನಿಮ್ಮ ಎದುರು ಹೇಳಲೇಬೇಕು ಅನಿಸಿತು.

ಈಗ ದೂರದ ಒಂದು ಕಥೆ ಹೇಳುತ್ತೇನೆ, ಕೆನಡಾ ದೇಶದ್ದು. ನಮ್ಮಲ್ಲಿ ಪಿನ್ ಕೋಡ್ ಬಂದ ಆಸುಪಾಸಿನಲ್ಲೇ ಅಲ್ಲೂ ಪೋಸ್ಟಲ್ ಕೋಡ್ ಬಂತು. ಜೊತೆಗೆ ಪತ್ರ ವಿಂಗಡಿಸುವ ಮಷಿನ್ ಬಂತು. ಕೈಯಿಂದ ಸಾರ್ಟಿಂಗ್ ಮಾಡುವವರ ಜಾಗದಲ್ಲಿ ಕೋಡ್ ಒತ್ತುವ ಹೊಸ ಕೆಲಸಗಾರರು ಬಂದರು. ಅವರಲ್ಲಿ ಹೆಂಗಸರೇ ಜಾಸ್ತಿ. ಅವರ ಸಂಬಳವನ್ನು ಹಳೆಯ ಸಾರ್ಟರ್‌ಗಳಿಗಿಂತ ಕೆಳಗಿನ ದರ್ಜೆಯಲ್ಲಿ ಇಟ್ಟರು. ಅಲ್ಲಿನ ಅಂಚೆ ಕಾರ್ಮಿಕರ ಸಂಘ ಜನರಿಗೆ ಹೇಳಿತು, ಪತ್ರದ ಮೇಲೆ ಕೋಡ್ ಬರೆಯಬೇಡಿ ಅಂತ. 1974ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಕೆಲವು ನೌಕರರು ಆ ಮಾತನ್ನು ಬರೆದ ಟೀ ಶರ್ಟ್ ಹಾಕಿಕೊಂಡು ಕೆಲಸಕ್ಕೆ ಬಂದರು. ಅವರನ್ನು ಅಮಾನತು ಮಾಡಿದರು. ಮುಷ್ಕರ ಒಂದು ಊರಿಂದ ಇನ್ನೊಂದು ಊರಿಗೆ ಹಬ್ಬಿತು. ಕೊನೆಗೆ ಕೋಡ್ ಒತ್ತುವವರಿಗೂ ಮೇಲಿನ ದರ್ಜೆಯ ಸಂಬಳ ಸಿಕ್ಕಿತು.

ಈ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಆ ಮಷಿನ್ ಅಲ್ಲೇ ಉಳಿಯಿತು, ಕೋಡ್ ಕೂಡ ಉಳಿಯಿತು. ಸಂಘ ಗೆದ್ದದ್ದು ಮಷಿನ್ ಎದುರು ಕೂತವಳ ಸಂಬಳವನ್ನು. ಹಳೆಯ ಸಾರ್ಟರ್‌ಗಳು, ಅವಳು ಬೇರೆ ದರ್ಜೆ, ನಮಗೇನು ಅನ್ನಬಹುದಿತ್ತು. ಅನ್ನಲಿಲ್ಲ. ಅವಳ ಸಂಬಳ ಇಳಿದರೆ ನಾಳೆ ನಮ್ಮದೂ ಇಳಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ದೇಶದಲ್ಲಿ ಬ್ಯಾಂಕ್ ನೌಕರರು 1983ರಲ್ಲಿ ಕಂಪ್ಯೂಟರ್ ಬಗ್ಗೆ ಮೊದಲು ಒಪ್ಪಂದ ಮಾಡಿಕೊಂಡರು. ಎಲ್ಲಿ, ಎಷ್ಟು, ಯಾವ ಷರತ್ತಿನ ಮೇಲೆ ಅಂತ ಬರೆಸಿಕೊಂಡರು. ಅದೂ ನೆನಪಿರಲಿ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ನಮ್ಮ ಆ ಕೋಡ್ ಒತ್ತುವವಳು ಯಾರು? ಗ್ರಾಮೀಣ ಡಾಕ್ ಸೇವಕರು, ಚಿಕ್ಕದಾಗಿ ಜಿಡಿಎಸ್. ದೇಶದ 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಒಂಬತ್ತು ಹಳ್ಳಿಯಲ್ಲಿವೆ. ಅವನ್ನು ನಡೆಸುವವರು ಸುಮಾರು ಎರಡೂವರೆ ಲಕ್ಷ ಜಿಡಿಎಸ್. ಮೊದಲು ಇವರನ್ನು ಇಡಿ ಅನ್ನುತ್ತಿದ್ದರು, ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್. ಹೆಸರಲ್ಲೇ ಇಲಾಖೆಯ ಹೊರಗೆ. 1977ರಲ್ಲಿ ಪಿ.ಕೆ. ರಾಜಮ್ಮ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇವರದು ಸಿವಿಲ್ ಹುದ್ದೆಯೇ ಅಂತ ಹೇಳಿತು. ಆದರೂ ನಿಯಮದ ಪುಸ್ತಕದಲ್ಲಿ ಇವತ್ತಿಗೂ ಸೇವಕರು ಕೇಂದ್ರದ ಸಿವಿಲ್ ಸೇವೆಯ ಹೊರಗೆ ಅಂತಲೇ ಇದೆ. ಶಾಖೆಗೆ ಜಾಗ ಅವರೇ ಕೊಡಬೇಕು. ಬೇರೆ ಆದಾಯ ಇರಬೇಕು. 65ರ ತನಕ ದುಡಿಯಬೇಕು. ಇಲಾಖೆ ನೌಕರರ ಹಾಗೆ ಪಿಂಚಣಿ ಇಲ್ಲ.

2018ರ ಮೇ 22ರಂದು ಇವರು ಮುಷ್ಕರ ಶುರು ಮಾಡಿದರು. ಇವರ ಸಂಬಳ ಸೌಲಭ್ಯ ನೋಡಲು ನೇಮಿಸಿದ್ದ ಕಮಲೇಶ್ ಚಂದ್ರ ಸಮಿತಿ 2016ರಲ್ಲೇ ವರದಿ ಕೊಟ್ಟಿತ್ತು, ಜಾರಿ ಆಗಿರಲಿಲ್ಲ. ಆ ಬಿಸಿಲು ನಿಮಗೆ ನೆನಪಿದೆ. ಮೇ ಕೊನೆಯ ಕಲಬುರಗಿ ಬಿಸಿಲು ಅಂದರೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತದೆ. ದೇಶದ ತುಂಬ ಹದಿನಾರು ದಿನ ಕೂತರು. ಜೂನ್ 6ಕ್ಕೆ ಕೇಂದ್ರ ಸಂಪುಟ ಒಪ್ಪಿತು. ದಿನಕ್ಕೆ ನಾಲ್ಕು ಗಂಟೆ ಕೆಲಸದ ಬಿಪಿಎಂಗೆ ತಿಂಗಳಿಗೆ 12,000, ಐದು ಗಂಟೆಗೆ 14,500 ರೂಪಾಯಿ ಮೂಲ ಭತ್ಯೆ. ಉಳಿದ ಸೇವಕರಿಗೆ 10,000 ಮತ್ತು 12,000. ಸಣ್ಣ ಗೆಲುವಲ್ಲ ಅದು. ಜಿಡಿಎಸ್‌ಗಳಿಗೆ ಒಗ್ಗಟ್ಟು ಇಲ್ಲ, ಹಳ್ಳಿ ಹಳ್ಳಿಗೆ ಒಬ್ಬೊಬ್ಬರು, ಏನು ಮಾಡಿಯಾರು ಅಂತ ನಮ್ಮವರೇ ಅನ್ನುತ್ತಿದ್ದರು. ಆ ಹದಿನಾರು ದಿನದಲ್ಲಿ ನಮ್ಮಂಥ ಇಲಾಖೆ ನೌಕರರು ಎಷ್ಟು ಜನ ಅವರ ಪಕ್ಕ ಕೂತೆವು? ಕೆಲವರು ಕೂತರು, ಅವರಿಗೆ ಕೈ ಮುಗಿಯುತ್ತೇನೆ. ಬಹಳ ಜನ ಕೂರಲಿಲ್ಲ.

ಈಗ ಆ ನಾಲ್ಕು ಗಂಟೆ ಅನ್ನುವುದನ್ನು ನೋಡಿ. ಆಳಂದದ ಆ ಹೆಣ್ಣುಮಗಳ ಕಾಗದದಲ್ಲಿ ನಾಲ್ಕು ಗಂಟೆ ಅಂತಿದೆ. ಬೆಳಗ್ಗೆ ಬ್ಯಾಗು ತರುವುದು, ಹಂಚುವುದು, ಖಾತೆ, ವಿಮೆ, ಪೇಮೆಂಟ್ಸ್ ಬ್ಯಾಂಕಿನ ಕೆಲಸ, ಆಧಾರ್, ಮೇಳಾ, ಟಾರ್ಗೆಟ್, ಮೇಲಿನಿಂದ ಬರುವ ವಾಟ್ಸಾಪ್‌ಗೆ ಫೋಟೋ ಕಳಿಸುವುದು. 2018ರ ಸೆಪ್ಟೆಂಬರ್‌ನಲ್ಲಿ ಅಂಚೆಯದೇ ಪೇಮೆಂಟ್ಸ್ ಬ್ಯಾಂಕ್ ಶುರುವಾಯಿತು, ಮನೆ ಬಾಗಿಲಿಗೆ ಬ್ಯಾಂಕು ಬಂತು ಅಂದರು. ಬಾಗಿಲಿಗೆ ಹೋದದ್ದು ಇವರ ಕಾಲು. 2024ರಲ್ಲಿ ಸೇವಾವಧಿಗೆ ಬಡ್ತಿಯ ಲಾಭ ಕೊಟ್ಟರು. 12 ವರ್ಷ ದುಡಿದರೆ ವರ್ಷಕ್ಕೆ 4,320 ರೂಪಾಯಿ. ತಿಂಗಳಿಗೆ ಭಾಗಿಸಿ ನೋಡಿ, 360. ಹನ್ನೆರಡು ವರ್ಷದ ದುಡಿಮೆಗೆ.

ಕೆಲವರು ವೇದಿಕೆ ಮೇಲೆ ನಿಂತು ಅಂಚೆ ಸೇವೆ ಅಂದರೆ ಕಾಯಕ ಅನ್ನುತ್ತಾರೆ. ಬಸವಕಲ್ಯಾಣ ಇಲ್ಲಿಂದ ದೂರ ಇಲ್ಲ. ಕಾಯಕದ ಮಾತು ನಮ್ಮ ನೆಲದ್ದು. ಶರಣರು ಕಾಯಕಕ್ಕೆ ಗೌರವ ಕೊಟ್ಟರು, ಮೇಲು ಕೀಳು ಇಲ್ಲ ಅಂದರು. ಏಳು ಗಂಟೆ ದುಡಿಸಿ ನಾಲ್ಕು ಗಂಟೆಯ ಕೂಲಿ ಕೊಡುವಾಗ ಆ ಮಾತನ್ನು ಎತ್ತಬಾರದು.

ಹೊಸದಾಗಿ ಬಂದದ್ದೂ ಸ್ವಲ್ಪ ಇದೆ. 1898ರ ಅಂಚೆ ಕಾಯ್ದೆ ಹೋಗಿ 2023ರ ಕಾಯ್ದೆ 2024ರ ಜೂನ್ 18ರಿಂದ ಜಾರಿಗೆ ಬಂತು. ಪತ್ರ ಸಾಗಿಸುವ ಹಕ್ಕು ಸರ್ಕಾರಕ್ಕೆ ಮಾತ್ರ ಅಂತ ಹಳೆಯ ಕಾಯ್ದೆಯಲ್ಲಿದ್ದ ಮಾತು ಹೊಸದರಲ್ಲಿ ಇಲ್ಲ. 2025ರಲ್ಲಿ ಹೊಸ ತಂತ್ರಾಂಶ ಬಂತು, ಮೊದಲ ಪ್ರಯೋಗ ನಡೆದದ್ದು ನಮ್ಮ ಕರ್ನಾಟಕ ಅಂಚೆ ವೃತ್ತದಲ್ಲೇ. ಅದೇ ವರ್ಷ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು. ಬೇರೆ ಬೇರೆ ಕಚೇರಿಗಳ ಬಟವಾಡೆಯನ್ನು ಒಂದೇ ಕೇಂದ್ರಕ್ಕೆ ತರುವ ಕೆಲಸವೂ ನಡೆದಿದೆ. ಡೆನ್ಮಾರ್ಕ್‌ನಲ್ಲಿ ನಾನೂರು ವರ್ಷದ ಪತ್ರ ಬಟವಾಡೆಯನ್ನು 2025ರ ಕೊನೆಗೆ ಅಂಚೆ ಕಂಪನಿ ನಿಲ್ಲಿಸಿಯೇ ಬಿಟ್ಟಿತು. ಅದು ಪುಟ್ಟ ದೇಶ, ಬಹುತೇಕ ಎಲ್ಲರ ಕೈಯಲ್ಲೂ ಕಾಗದ ಬರುವ ಡಿಜಿಟಲ್ ಅಂಚೆ ಪೆಟ್ಟಿಗೆ ಇದೆ. ಚಿಂಚೋಳಿಯ ತಾಂಡಾದಲ್ಲಿ ಕೋರ್ಟ್ ನೋಟಿಸು, ಎಟಿಎಂ ಕಾರ್ಡು, ಕೆಲಸದ ಸಂದರ್ಶನದ ಕಾಗದ ಇವತ್ತಿಗೂ ಅಂಚೆಯಲ್ಲೇ ಬರುತ್ತದೆ. ಹುಡುಗರೆಲ್ಲ ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋಗಿರುತ್ತಾರೆ. ಮನೆಯಲ್ಲಿ ಮುದುಕರು. ಯಾವ ಮನೆಗೆ ಬೀಗ, ಯಾರು ಯಾವಾಗ ಬರುತ್ತಾರೆ ಅಂತ ಊರಿನ ಸೇವಕರಿಗೆ ಗೊತ್ತು, ದೂರದ ಕೇಂದ್ರದಿಂದ ಗಾಡಿ ಮೇಲೆ ಬರುವವರಿಗೆ ಗೊತ್ತಿಲ್ಲ.

ಕೆಲಸ ಹೋಗುವುದು ಅಂದರೆ ಏನು ಅಂತ ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಬಟ್ಟೆ ಗಿರಣಿ ಎಂ.ಎಸ್.ಕೆ. ಮಿಲ್ ಮುಚ್ಚಿ ಎಷ್ಟೋ ವರ್ಷ ಆಯಿತು. ಆಟೋದವರು ಇವತ್ತಿಗೂ ಆ ಹೆಸರು ಹೇಳಿ ಕೂಗುತ್ತಾರೆ.

ಹಾಗಾದರೆ ಸಂಘ ಏನು ಮಾಡಬೇಕು? ಮುಷ್ಕರ ಅನ್ನುವುದು ಬೇಕು, ಅದರ ಇತಿಹಾಸ ನಮ್ಮದು. 1946ರ ಜುಲೈ 11ಕ್ಕೆ ಪೋಸ್ಟ್‌ಮನ್‌ಗಳು ಶುರು ಮಾಡಿದ ಮುಷ್ಕರಕ್ಕೆ ಜುಲೈ 29ರಂದು ಇಡೀ ಕಲ್ಕತ್ತಾ ಬಂದ್ ಆಗಿತ್ತು. 1960, 1968ರಲ್ಲಿ ಕೇಂದ್ರ ನೌಕರರೆಲ್ಲ ನಿಂತಾಗ ಅಂಚೆಯವರು ಮುಂದೆ ಇದ್ದರು. ಆದರೆ 2023ರ ಏಪ್ರಿಲ್‌ನಲ್ಲಿ ಅಂಚೆ ನೌಕರರ ಸಂಘಗಳ ಒಕ್ಕೂಟವಾದ ಎನ್‌ಎಫ್‌ಪಿಇ ಮತ್ತು ಅದರ ದೊಡ್ಡ ಘಟಕವೊಂದರ ಮಾನ್ಯತೆಯನ್ನು ಸರ್ಕಾರ ಹಿಂತೆಗೆದುಕೊಂಡಿತು. ದೇಣಿಗೆ ಕೊಟ್ಟದ್ದು ನಿಯಮಕ್ಕೆ ವಿರುದ್ಧ ಅನ್ನುವುದು ಕಾರಣ. ಮಾನ್ಯತೆ ಅನ್ನುವ ಒಂದು ಕಾಗದದ ಮೇಲೆ ನಾವು ಎಷ್ಟು ಒರಗಿ ನಿಂತಿದ್ದೆವು ಅಂತ ಆಗ ಗೊತ್ತಾಯಿತು. ಆ ಕಾಗದ ಕೊಡುವವರು ಅವರು, ತೆಗೆಯುವವರೂ ಅವರು. ಅವರು ತೆಗೆಯಲಾರದ್ದು ಒಂದಿದೆ. ಕೆಲಸ ಎಷ್ಟು ಅಂತ ನಮ್ಮ ಕೈಯಲ್ಲಿರುವ ಲೆಕ್ಕ.

ಅದಕ್ಕೇ ಬಾಗಿಲ ಹತ್ತಿರ ನೋಟ್‌ಬುಕ್ ಇಟ್ಟಿದ್ದೇವೆ. ಸುಮ್ನೆ ಇಟ್ಟದ್ದಲ್ಲ. ಒಂದು ತಿಂಗಳು ಬರೆಯಿರಿ. ಕಚೇರಿ ಗುಟ್ಟು ಬೇಡ, ಗಿರಾಕಿಯ ಹೆಸರು ಬೇಡ, ಖಾತೆ ನಂಬರ್ ಖಂಡಿತ ಬೇಡ. ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಮುಗೀತು. ನೆಟ್ ಇಲ್ಲದೆ ಎಷ್ಟು ಹೊತ್ತು ಹೋಯಿತು. ಬೆರಳು ತಗೊಳ್ಳದೆ ಎಷ್ಟು ಹೊತ್ತು. ಸ್ವಂತ ಮೊಬೈಲ್ ಡೇಟಾ ಬಳಸಿದರೆ ಅದು. ಗಾಡಿಗೆ ಸ್ವಂತ ಪೆಟ್ರೋಲ್ ಹಾಕಿದರೆ ಅದು. ಇದನ್ನು ಹಿಡಿದುಕೊಂಡು ಮೇಲಿನವರ ಎದುರು ಕೂರೋಣ. ನಾಲ್ಕು ಗಂಟೆಯ ಶಾಖೆ ನಿಜಕ್ಕೂ ಐದು ಗಂಟೆಯದು ಅಂತ ತೋರಿಸಿದರೆ ಅದೊಂದೇ 2,500 ರೂಪಾಯಿಯ ವ್ಯತ್ಯಾಸ. ಮಷಿನ್‌ನಿಂದ ಸಮಯ ಉಳಿದಿದೆ ಅಂತ ಲೆಕ್ಕದಲ್ಲಿ ಬಂದರೆ ಅದನ್ನೂ ಒಪ್ಪೋಣ. ಉಳಿದ ಸಮಯ ಯಾರದು ಅಂತ ಆಮೇಲೆ ಕೇಳೋಣ. ಅದರಲ್ಲಿ ಒಂದು ಭಾಗ ದುಡಿಯುವವರಿಗೆ ಬರಬೇಕು. ರಜೆಯಾಗಿ ಬರಲಿ, ಚಿಕ್ಕ ಬೀಟ್ ಆಗಿ ಬರಲಿ.

ಬೇಸಿಗೆಯ ವಿಷಯ ಒಂದಿದೆ, ಇದು ನಮ್ಮ ಭಾಗದ್ದೇ. ಏಪ್ರಿಲ್, ಮೇ ಬಂದರೆ ರಾಜ್ಯ ಸರ್ಕಾರ ಕಲಬುರಗಿ ವಿಭಾಗದ ಜಿಲ್ಲೆಗಳ ತನ್ನ ಕಚೇರಿಗಳಿಗೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ಸಮಯ ಮಾಡುತ್ತದೆ. ಅದು ರಾಜ್ಯದ ಆದೇಶ, ಕೇಂದ್ರದ ಇಲಾಖೆಗೆ ಅನ್ವಯ ಆಗದು. ನಮ್ಮ ಭಾಗಕ್ಕಿರುವ ಸಂವಿಧಾನದ 371ಜೆ ವಿಧಿ ಕೂಡ ಹಾಗೇ, ಅದರ ಉದ್ಯೋಗ ಮೀಸಲಾತಿ ರಾಜ್ಯದ ಹುದ್ದೆಗಳಿಗೆ ಮಾತ್ರ. ಆದರೆ ಬಿಸಿಲಿಗೆ ಕೇಂದ್ರ, ರಾಜ್ಯ ಅನ್ನುವ ಭೇದ ಇಲ್ಲ. ಬೀಟ್ ಮೇಲೆ ಇರುವವರನ್ನು ನಡು ಮಧ್ಯಾಹ್ನ ಓಣಿಯಲ್ಲಿ ನಿಲ್ಲಿಸಬಾರದು. ಹೊಸ ತಂತ್ರಾಂಶ ಎಲ್ಲವನ್ನೂ ಗಂಟೆ ಗಂಟೆಗೆ ತೋರಿಸುತ್ತದೆ ಅನ್ನುತ್ತಾರಲ್ಲ, ಯಾವ ಹೊತ್ತಿಗೆ ಎಷ್ಟು ಪತ್ರ ಹೋಯಿತು ಅಂತ ಅದರಲ್ಲೇ ತೆಗೆದು ನಮ್ಮ ಭಾಗಕ್ಕೆ ಬೇಸಿಗೆ ಸಮಯ ಕೇಳಬಹುದು. ಮಷಿನ್ ನಮ್ಮ ಪರವಾಗಿ ಸಾಕ್ಷಿ ಹೇಳಲಿ.

ಸಂಘಗಳು ಹಲವು ಇವೆ. ಬಣ್ಣ ಬೇರೆ, ಬಾವುಟ ಬೇರೆ. ಒಂದಾಗಿ ಅಂತ ಇವತ್ತು ಕೇಳುವುದಿಲ್ಲ, ಅದು ಒಂದು ಭಾನುವಾರದಲ್ಲಿ ಆಗುವ ಕೆಲಸ ಅಲ್ಲ. ನೋಟ್‌ಬುಕ್ ಒಂದೇ ನಮೂನೆಯದು ಇರಲಿ ಅಂತ ಮಾತ್ರ ಕೇಳುತ್ತೇನೆ.

ಮಾತು ಮುಗಿದ ಮೇಲೆ ಯಾದಗಿರಿ ಕಡೆಯ ಒಬ್ಬ ಹುಡುಗಿ ಎದ್ದು ಕೇಳಿದಳು. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ಆಗಿಲ್ಲ. "ಸರ, ನಾ ಒಬ್ಬಾಕಿನೇ ಬರೆದ್ರ ಮ್ಯಾಲಿನವ್ರಿಗೆ ಸಿಟ್ಟು ಬರಲ್ಲೇನ್ರಿ? ಟಾರ್ಗೆಟ್ ಆಗಿಲ್ಲ ಅಂತ ಮೆಮೋ ಕೊಟ್ರ?" ಅವಳ ಭಯ ಸುಳ್ಳಲ್ಲ, ಅದನ್ನು ಹಾಗೇ ಹೇಳಿದೆ. ಒಬ್ಬಳೇ ಬರೆದರೆ ತೊಂದರೆ ಆಗಬಹುದು. ಅದಕ್ಕೇ ಎಲ್ಲರೂ ಒಂದೇ ದಿನ ಶುರು ಮಾಡಬೇಕು. ನಿನ್ನ ಉಪಕಚೇರಿಗೆ ಸೇರಿದ ಶಾಖೆಯವರೆಲ್ಲ ಮೊದಲು ಒಂದು ಸಲ ಕೂತು ಮಾತಾಡಿ. ಅರ್ಧದಷ್ಟು ಜನವೂ ಒಪ್ಪದಿದ್ದರೆ ಈ ತಿಂಗಳು ಬೇಡ, ಮುಂದಿನ ತಿಂಗಳು ನೋಡೋಣ. ಮೆಮೋ ಬಂದರೆ ಉತ್ತರ ಬರೆಯುವುದು ನಮ್ಮ ಕೆಲಸ, ನೀನು ಒಬ್ಬಳೇ ಕೂತು ಬರೆಯಬೇಡ ಅಂದೆ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಪೋಸ್ಟ್‌ಮನ್ ಎದ್ದರು. ನಿವೃತ್ತಿಗೆ ಹತ್ತಿರ ಇರುವವರು. "ನೀವು ಹೇಳೋದು ಖರೇ ಅದ ಸರ. ಆದ್ರ ಬರಿಲಿಕ್ಕೆ ಟೈಮ್ ಎಲ್ಲದ? ಎರಡ್ ಬೀಟ್ ಮುಗಸೋದ್ರಾಗ ಹೊತ್ತು ಮುಳಗ್ತದ." ನಾನು ಹೇಳಿದೆ, ಎರಡೇ ಸಮಯ ಬರೆಯಿರಿ. ಬ್ಯಾಗು ಎತ್ತಿದ್ದು ಎಷ್ಟಕ್ಕೆ, ಇಳಿಸಿದ್ದು ಎಷ್ಟಕ್ಕೆ. ಉಳಿದದ್ದನ್ನು ನಿಮ್ಮ ಕಚೇರಿಯ ಹುಡುಗರು ಸಂಜೆ ಕೇಳಿ ತುಂಬುತ್ತಾರೆ.

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಸಭೆ ಮುಗಿದಾಗ ಟೇಬಲ್ ಹತ್ತಿರ ಬಂದು ಎರಡು ನೋಟ್‌ಬುಕ್ ತಗೊಂಡರು. ಒಂದು ತಮಗೆ. ಇನ್ನೊಂದು, ಅವರ ಎರಡನೇ ಬೀಟ್‌ನಲ್ಲಿ ಅರ್ಧ ಹಂಚಿಕೊಡುವ ಔಟ್‌ಸೈಡರ್ ಹುಡುಗನಿಗೆ.